ಶಿಶುವೈದ್ಯಪಿತಾಮಹ ಡಾಕ್ಟರ್ ಅಬ್ರಹಾಂ ಜಾಕೋಬಿ

ಪರದೇಶಕ್ಕೆ ಬರಿಗೈಯಿಂದ ಬಂದು, ಆ ದೇಶದ ಎಳೆಯ ಮಕ್ಕಳ ಪ್ರಾಣವನ್ನು ಕಾಯುವುದನ್ನೇ ಜೀವಿತದ ಕಾಯಕವನ್ನಾಗಿ ಮಾಡಿಕೊಂಡು, ತಮ್ಮ ಮನೆಯ ಮಕ್ಕಳನ್ನು ಮಾತ್ರ ಒಂದೊಂದಾಗಿ ಮಣ್ಣಿಗೆ ಒಪ್ಪಿಸಬೇಕಾಗಿ ಬಂದ ವೈದ್ಯರೊಬ್ಬರ ಚರಿತ್ರೆಯಿದು. ಅವರು ಕನ್ನಡ ನಾಡಿನವರಲ್ಲ. ಶಿವಭಕ್ತರ ಕುಲದಲ್ಲಿ ಹುಟ್ಟಿದವರೂ ಅಲ್ಲ. ಆದರೆ ಕಾಯಕವೆಂಬ ಮಾತಿನ ಅರ್ಥವನ್ನು ಬಲ್ಲ ಶರಣಸಂತತಿಗೆ ಈ ಚರಿತ್ರೆಯು ಅನ್ಯವೆಂದು ತೋರಲಾರದು.

ಜರ್ಮನಿಯ ವೆಸ್ಟ್‌ಫಾಲಿಯಾ ಪ್ರಾಂತದಲ್ಲಿ ಮಿಂಡೆನ್ ಪಟ್ಟಣಕ್ಕೆ ಸಮೀಪವಾದ ಹಾರ್ಟುಂ ಎಂಬ ಹಳ್ಳಿಯಲ್ಲಿ, 1830ನೆಯ ಇಸವಿ ಮೇ 6ರಂದು, ಬಡ ಯೆಹೂದಿ ಮನೆತನದಲ್ಲಿ ಜಾಕೋಬಿಯವರು ಜನಿಸಿದರು. ತಾಯಿತಂದೆಗಳು ಬಡತನದಲ್ಲಿಯೇ ಮಗನನ್ನು ಓದಿಸಿದರು. ಗ್ರೈಫ್ಸ್‌ವಾಲ್ಡ್, ಗಟ್ಟಿಂಗೆನ್, ಬಾನ್ ಈ ಮೂರು ವಿಶ್ವವಿದ್ಯಾಲಯಗಳಲ್ಲಿ ವ್ಯಾಸಂಗ ನಡೆಯಿಸಿ, 1851ರಲ್ಲಿ ವೈದ್ಯ ಪದವಿಯನ್ನು ಪಡೆದರು. 1848ರ ಕ್ರಾಂತಿಯ ಜ್ವಾಲೆಯು ಆಗ ಜರ್ಮನಿಯ ತರುಣರ ಎದೆಯಲ್ಲಿ ಇನ್ನೂ ಆರಿರಲಿಲ್ಲ. ಅರಸರ ನಿರಂಕುಶತೆಯನ್ನು ವಿರೋಧಿಸಿದವರ ಸಂಗಡ ಕಲೆತ ಕಾರಣಕ್ಕಾಗಿ, ಪದವಿಯು ಕೈಗೆ ಬಂದ ವರ್ಷವೇ ಅವರು ಸೆರೆಯಾದರು. 1852ರಲ್ಲಿ ಕೊಲೋನ್ ನಗರದಲ್ಲಿ ನಡೆದ ಪ್ರಸಿದ್ಧ ವಿಚಾರಣೆಯಲ್ಲಿ ರಾಜದ್ರೋಹದ ಆರೋಪದಿಂದ ಬಿಡುಗಡೆಯಾದರೂ, ಅರಸನನ್ನು ಅವಮಾನಿಸಿದರೆಂಬ ಮತ್ತೊಂದು ನೆಪದಿಂದ ಅವರನ್ನು ಪುನಃ ಸೆರೆಯಲ್ಲಿಡಲಾಯಿತು. 1853ರಲ್ಲಿ ಹೊರಬಂದವರಿಗೆ ಸ್ವದೇಶದಲ್ಲಿ ನಿಲ್ಲಲು ನೆಲೆಯಿರಲಿಲ್ಲ. ಇಂಗ್ಲಂಡಿಗೆ ಹೋಗಿ, ಲಂಡನ್ನಿನಲ್ಲಿ ಕಾರ್ಲ್ ಮಾರ್ಕ್ಸ್‌ರನ್ನೂ ಮ್ಯಾಂಚೆಸ್ಟರಿನಲ್ಲಿ ಎಂಗೆಲ್ಸ್‌ರನ್ನೂ ಕಂಡು, ಅಲ್ಲಿ ವೈದ್ಯವೃತ್ತಿಯು ಹತ್ತದೆ ಹೋಗಲು, ಅದೇ ವರ್ಷದ ಕೊನೆಯ ಭಾಗದಲ್ಲಿ ಕಡಲನ್ನು ದಾಟಿ ಅಮೇರಿಕೆಯ ನ್ಯೂಯಾರ್ಕ್ ನಗರವನ್ನು ಸೇರಿದರು.

ಆ ನಗರದ ಹೊವರ್ಡ್ ಬೀದಿಯಲ್ಲಿ ಇಪ್ಪತ್ತಮೂರು ವರ್ಷದ ಈ ತರುಣನು ಹಲಗೆಯನ್ನು ತೂಗಹಾಕಿದನು. ಸುತ್ತಲೂ ಇದ್ದವರು ತನ್ನಂತೆಯೇ ದೇಶವನ್ನು ಬಿಟ್ಟು ಬಂದ ಬಡ ಜರ್ಮನರು. ರೋಗಿಯು ತಾನಾಗಿ ಬಂದರೆ 25 ಸೆಂಟು, ಮನೆಗೆ ಹೋಗಿ ನೋಡಿದರೆ 50 ಸೆಂಟು, ಇಷ್ಟೇ ಕಾಣಿಕೆ. ಇಕ್ಕಟ್ಟಾದ ಕೋಣೆಗಳಲ್ಲಿ, ಬೆಳಕುಗಾಳಿಗಳಿಲ್ಲದ ಮಾಳಿಗೆಗಳಲ್ಲಿ ಮಕ್ಕಳು ಬೇಸಗೆಯ ಬೇಧಿಯಿಂದಲೂ ಗಂಟಲುಮಾರಿಯಿಂದಲೂ ಹುಳುಗಳಂತೆ ಸಾಯುತ್ತಿದ್ದುದನ್ನು ಅವರು ಆ ಮನೆಗಳಲ್ಲಿಯೇ ಕಂಡರು.

ಶಿಶುಗಳ ರೋಗವು ಪ್ರತ್ಯೇಕವಾದ ಶಾಸ್ತ್ರವೆಂಬ ಭಾವನೆಯೇ ಅಮೇರಿಕೆಯ ವೈದ್ಯರಲ್ಲಿ ಆಗ ಬೇರೂರಿರಲಿಲ್ಲ. ಮಗುವೆಂದರೆ ಚಿಕ್ಕ ಆಳತೆಯ ದೊಡ್ಡವನು. ಔಷಧದ ಪ್ರಮಾಣವನ್ನು ಕಡಮೆ ಮಾಡಿದರೆ ಸಾಕು ಎಂಬುದು ವಾಡಿಕೆಯಾಗಿತ್ತು. ಬೆಳೆಯುತ್ತಿರುವ ದೇಹದ ಧರ್ಮವೇ ಬೇರೆ, ಅದರ ರೋಗಗಳ ಗತಿಯೇ ಬೇರೆ ಎಂದು ಜಾಕೋಬಿಯವರು ಪಟ್ಟುಹಿಡಿದು ಬೋಧಿಸಿದರು. 1857ರಲ್ಲಿ ಜರ್ಮನ್ ಧರ್ಮಾರ್ಥ ದವಾಖಾನೆಯ ಸ್ಥಾಪಕರಲ್ಲಿ ಒಬ್ಬರಾದರು. 1860ರಲ್ಲಿ ನ್ಯೂಯಾರ್ಕ್ ವೈದ್ಯ ವಿದ್ಯಾಲಯವು ಶಿಶುರೋಗಗಳಿಗಾಗಿಯೇ ಒಂದು ಪೀಠವನ್ನು ಏರ್ಪಡಿಸಿ ಅದನ್ನು ಅವರಿಗೆ ಕೊಟ್ಟಿತು. ಆ ದೇಶದಲ್ಲಿ ಅಂಥ ಪೀಠವು ಅದೇ ಮೊದಲನೆಯದು. ಬಳಿಕ 1870ರಿಂದ ಕೊಲಂಬಿಯಾ ವಿಶ್ವವಿದ್ಯಾಲಯದ ವೈದ್ಯಶಾಲೆಯಲ್ಲಿ ಸುಮಾರು ಮೂರು ದಶಕಗಳ ಕಾಲ ಪಾಠ ಹೇಳಿದರು. ಪುಸ್ತಕವನ್ನೋದಿ ಒಪ್ಪಿಸುವ ಪಾಠವಾಗಿರಲಿಲ್ಲ ಅದು. ರೋಗಿ ಮಗುವನ್ನು ಎದುರಿಗಿಟ್ಟು, ಅದರ ತಾಯಿಯ ಮಾತನ್ನು ಕೇಳಿ, ಶಿಷ್ಯರ ಕಣ್ಣು ಕೈಗಳನ್ನು ಪಳಗಿಸುವ ಪಾಠ.

ಬಡತಾಯಂದಿರಿಗೆ ಅವರು ಹೇಳಿದ ಮುಖ್ಯ ಉಪದೇಶವು ಬಹಳ ಸರಳವಾದುದು: ಮೊಲೆಹಾಲನ್ನು ಕುಡಿಸಿರಿ; ಅದಿಲ್ಲದಿದ್ದರೆ ಹಸುವಿನ ಹಾಲನ್ನು ಕಾಯಿಸಿ, ಜವೆಗೋದಿಯ ಗಂಜಿಯ ತಿಳಿಯನ್ನು ಬೆರಸಿ ಕೊಡಿರಿ. ಹಾಲನ್ನು ಉಕ್ಕಿಸದೆ ಬಳಸದಿರುವ ಕನ್ನಡ ಗೃಹಿಣಿಗೆ ಇದನ್ನೂ ಒಬ್ಬ ಪಂಡಿತನು ಹೇಳಬೇಕಾಯಿತೇ ಎಂದು ಸೋಜಿಗವಾದೀತು. ಆದರೆ ದೂರದಿಂದ ಕೊಳಕು ಪಾತ್ರೆಗಳಲ್ಲಿ ಬಂದ ಹಸಿಹಾಲೇ ಆ ನಗರದಲ್ಲಿ ಸಹಸ್ರಾರು ಶಿಶುಗಳಿಗೆ ಮೃತ್ಯುವಾಗಿತ್ತು. 1893ರಲ್ಲಿ ನೇಥನ್ ಸ್ಟ್ರಾಸ್ ಎಂಬ ವರ್ತಕದಾನಿಗಳು ಕಾಯಿಸಿ ಶುದ್ಧಗೊಳಿಸಿದ ಹಾಲನ್ನು ಬಡವರಿಗೆ ಹಂಚುವ ಕೇಂದ್ರಗಳನ್ನು ತೆರೆದಾಗ ಅವರಿಗೆ ಬೆಂಬಲವಾಗಿ ನಿಂತವರಲ್ಲಿ ಜಾಕೋಬಿಯವರು ಪ್ರಮುಖರು.

ಸತ್ಯವನ್ನು ಹೇಳಿ ಸ್ಥಾನವನ್ನು ಕಳೆದುಕೊಂಡ ಪ್ರಸಂಗವೂ ಅವರ ಚರಿತ್ರೆಯಲ್ಲಿದೆ. ಅನಾಥ ಶಿಶುಗಳನ್ನು ಸಾಕುತ್ತಿದ್ದ ಸಂಸ್ಥೆಯೊಂದರಲ್ಲಿ ಅವರು ವೈದ್ಯರಾಗಿದ್ದರು. ಒಂದೇ ಸೂರಿನಡಿಯಲ್ಲಿ ತುಂಬಿದ ಕೂಸುಗಳು ಬದುಕಲಾರವು, ಅವುಗಳನ್ನು ಹಳ್ಳಿಗಳ ಸಂಸಾರವಂದಿಗರ ಮನೆಗಳಲ್ಲಿ ಸಾಕಲು ಕೊಡಬೇಕು ಎಂದು ಮರಣದ ಲೆಕ್ಕವನ್ನು ಮುಂದಿಟ್ಟು ಅವರು ವಾದಿಸಿದುದು ಸಂಸ್ಥೆಯನ್ನು ನಡೆಯಿಸುತ್ತಿದ್ದ ಶ್ರೀಮಂತರಿಗೆ ರುಚಿಸಲಿಲ್ಲ. 1870ರಲ್ಲಿ ಅವರು ಅಲ್ಲಿಂದ ಹೊರಬೀಳಬೇಕಾಯಿತು. ಧರ್ಮಸಂಸ್ಥೆಯ ಕೀರ್ತಿಗೂ ಅದರ ಆಶ್ರಯದಲ್ಲಿರುವ ಜೀವಕ್ಕೂ ವಿರೋಧ ಬಂದಾಗ ಯಾವುದು ದೊಡ್ಡದೆಂಬ ಪ್ರಶ್ನೆಯು ದಾಸೋಹವನ್ನು ನಡೆಯಿಸುವ ಎಲ್ಲರಿಗೂ ಸಂಬಂಧಪಟ್ಟುದೇ ಸರಿ.

ಇನ್ನು ಅವರ ಸಂಸಾರ. ಮೊದಲ ಪತ್ನಿ ಫ್ಯಾನಿ ಮೇಯರ್ 1856ರಲ್ಲಿ ತೀರಿಕೊಂಡರು; ಎರಡನೆಯ ಪತ್ನಿ ಕೇಟ್ 1871ರಲ್ಲಿ ಕಾಲವಾದರು. ಆ ಎರಡು ಮದುವೆಗಳ ಮಕ್ಕಳಲ್ಲಿ ಯಾರೂ ಉಳಿಯಲಿಲ್ಲ. 1873ರಲ್ಲಿ ಅವರು ಮೇರಿ ಪಟ್ನಂ ಎಂಬ ವಿದುಷಿಯನ್ನು ವರಿಸಿದರು. ಪ್ಯಾರಿಸಿನ ವೈದ್ಯಶಾಲೆಯು ವಿದ್ಯಾರ್ಥಿನಿಯಾಗಿ ಸೇರಿಸಿಕೊಂಡ ಮೊದಲ ಸ್ತ್ರೀ ಈಕೆ. 1871ರಲ್ಲಿ ಅಲ್ಲಿ ಪದವೀಧರೆಯಾದವರು. ಹೆಣ್ಣು ವೈದ್ಯಳಾಗುವುದೆಂದರೆ ನಗುವ ಕಾಲದಲ್ಲಿ ಪತ್ನಿಯ ವಿದ್ಯೆಯನ್ನು ತನ್ನ ವಿದ್ಯೆಗೆ ಸಮವೆಂದು ಎಣಿಸಿದ ಪತಿಯು ಅಪೂರ್ವನೇ. ಪತಿಯು ಶಿಶುಗಳ ಆಹಾರವನ್ನು ಕುರಿತು ಬರೆದ ಪುಸ್ತಕವನ್ನು ಪತ್ನಿಯು ತಿದ್ದಿ ಬೆಳೆಸಿದರು.

1880ರಲ್ಲಿ ಜಾಕೋಬಿಯವರು ಗಂಟಲುಮಾರಿಯನ್ನು ಕುರಿತು ದೊಡ್ಡದೊಂದು ಗ್ರಂಥವನ್ನು ಪ್ರಕಟಿಸಿದರು. ಆ ರೋಗದ ವಿಷಯದಲ್ಲಿ ಅಮೇರಿಕೆಯಲ್ಲಿ ಅವರಿಗಿಂತ ಹೆಚ್ಚು ಬಲ್ಲವರು ವಿರಳವಾಗಿದ್ದರು. 1883ರಲ್ಲಿ ಅದೇ ಗಂಟಲುಮಾರಿಯು ಅವರ ಮನೆಯೊಳಗೆ ಹೊಕ್ಕು, ಏಳು ವರ್ಷದ ಮಗ ಅರ್ನ್‌ಸ್ಟನನ್ನು ಒಯ್ದಿತು. ವೈದ್ಯರಿಬ್ಬರು ತಾಯಿತಂದೆಗಳಾಗಿ ಹಾಸಿಗೆಯ ಬಳಿಯಲ್ಲಿದ್ದರೂ ಏನೂ ಸಾಗಲಿಲ್ಲ. ಆ ಕಾಲದ ಔಷಧಗಳಲ್ಲಿ ಯಾವುದೂ ರೋಗದ ಮೂಲವನ್ನು ಮುಟ್ಟುವಂಥದಾಗಿರಲಿಲ್ಲ. ಗ್ರಂಥಕರ್ತನ ಪಾಂಡಿತ್ಯವೆಲ್ಲ ರೋಗವನ್ನು ಗುರುತಿಸುವುದರಲ್ಲಿತ್ತೇ ಹೊರತು ಅದನ್ನು ಕೊಲ್ಲುವುದರಲ್ಲಿರಲಿಲ್ಲ. ಬೇರಿಂಗ್ ಮತ್ತು ಕಿಟಸಾಟೋ ಎಂಬವರು ರೋಗದ ವಿಷಕ್ಕೆ ಪ್ರತಿವಿಷವುಂಟೆಂದು ತೋರಿಸಿದುದು 1890ರಲ್ಲಿ, ಏಳು ವರ್ಷ ತಡವಾಗಿ. ಮಗನನ್ನು ಕಳೆದುಕೊಂಡ ತಂದೆಯು ಮತ್ತೆ ಪರರ ಮಕ್ಕಳ ಹಾಸಿಗೆಯ ಬಳಿಗೆ ಹೋದನು. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಹೋಗುತ್ತಲೇ ಇದ್ದನು. ಹುಟ್ಟಿದ ಅಷ್ಟೂ ಮಕ್ಕಳಲ್ಲಿ ಬೆಳೆದು ದೊಡ್ಡವಳಾದವಳು ಮಾರ್ಜೊರಿ ಎಂಬ ಮಗಳೊಬ್ಬಳೇ.

ಹೀಗಿದ್ದರೂ ಅವರ ಮನೆಯು ಬರಿದಾಗಿರಲಿಲ್ಲ. ಮೊದಲ ಪತ್ನಿಯು ತೀರಿದ ಮೇಲೂ ಆಕೆಯ ತವರಿನ ಬಂಧುತ್ವವನ್ನು ಅವರು ಬಿಡಲಿಲ್ಲ. ಆಕೆಯ ಅಕ್ಕತಂಗಿಯರಲ್ಲಿ ಒಬ್ಬರ ಮಗನಾದ ಫ್ರಾನ್ಸ್ ಬೋವಾಸ್ ಎಂಬ ತರುಣನು ಜರ್ಮನಿಯಿಂದ ಬಂದು ಕೆಲಸಕ್ಕಾಗಿ ಅಲೆಯುತ್ತಿದ್ದಾಗ ಈ ಚಿಕ್ಕಪ್ಪನೇ ಆಸರೆ. 1896ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಅವರಿಗೆ ಸ್ಥಾನವು ದೊರೆತಾಗ, ಸಂಬಳಕ್ಕೆ ಬೇಕಾದ ಹಣದಲ್ಲಿ ಒಂದು ಪಾಲನ್ನು ಜಾಕೋಬಿಯವರು ಸದ್ದಿಲ್ಲದೆ ತಮ್ಮ ಕೈಯಿಂದಲೇ ಒದಗಿಸಿದರು. ಆ ಬೋವಾಸರು ಮುಂದೆ ಅಮೇರಿಕೆಯ ಮಾನವಶಾಸ್ತ್ರಕ್ಕೆ ಆಚಾರ್ಯರಾದುದನ್ನೂ, ಒಂದು ಜನಾಂಗವು ಇನ್ನೊಂದಕ್ಕಿಂತ ಹುಟ್ಟಿನಿಂದಲೇ ಮೇಲೆಂಬ ವಾದವನ್ನು ಜೀವಮಾನವೆಲ್ಲ ಖಂಡಿಸಿದುದನ್ನೂ ನೆನೆದರೆ, ಆ ಗುಪ್ತದಾನದ ಫಲವು ಎಷ್ಟು ದೂರಕ್ಕೆ ಹರಿಯಿತೆಂಬುದು ತಿಳಿಯುವುದು. ಶಿಶುವೈದ್ಯದಲ್ಲಿ ಮಾಡಿದುದಕ್ಕಿಂತ ಇದು ಕಡಮೆಯ ಕಾರ್ಯವೆನ್ನಲಾಗದು.

1890ರ ದಶಕದಲ್ಲಿ ಬರ್ಲಿನ್ನಿನ ವಿಶ್ವವಿದ್ಯಾಲಯದಿಂದ ಪೀಠವೊಂದರ ಆಹ್ವಾನವು ಬಂದಿತು. ತರುಣನನ್ನು ಸೆರೆಯಲ್ಲಿಟ್ಟ ರಾಜ್ಯವು ವೃದ್ಧನನ್ನು ಮನ್ನಿಸಿ ಕರೆಯಿತು. ಅವರು ಹೋಗಲಿಲ್ಲ, ಆಶ್ರಯ ಕೊಟ್ಟ ನಾಡೇ ಅವರಿಗೆ ಸ್ವದೇಶವಾಗಿತ್ತು.

1906ನೆಯ ಇಸವಿಯು ಅವರಿಗೆ ಕಠೋರವಾದುದು. ಅವರಂತೆಯೇ ಜರ್ಮನಿಯಿಂದ ಓಡಿಬಂದು ರಾಜಕಾರಣದಲ್ಲಿ ಹೆಸರಾದ ಆಪ್ತಮಿತ್ರ ಕಾರ್ಲ್ ಶುರ್ಟ್ಸ್‌ರು ಮೇ ತಿಂಗಳಲ್ಲಿ ತೀರಿಕೊಂಡರು. ಜಾರ್ಜ್ ಸರೋವರದ ದಂಡೆಯ ಬೋಲ್ಟನ್ ಗ್ರಾಮದಲ್ಲಿ ಇಬ್ಬರ ಬೇಸಗೆಯ ಮನೆಗಳೂ ನೆರೆಹೊರೆಯಾಗಿದ್ದವು. ಒಂದು ತಿಂಗಳು ತುಂಬುವ ಮೊದಲೇ, ಜೂನ್ 10ರಂದು, ಮೇರಿಯವರು ಮಿದುಳಿನ ಗಡ್ಡೆಯಿಂದ ಅಸುನೀಗಿದರು. ತಮ್ಮ ರೋಗದ ಲಕ್ಷಣಗಳನ್ನು ತಾವೇ ಕ್ರಮವಾಗಿ ಬರೆದಿಟ್ಟು ಹೋದ ಧೀರೆ ಆಕೆ.

ಮಗಳು, ಅಳಿಯ ಜಾರ್ಜ್ ಮ್ಯಾಕನೆನಿ, ಮೊಮ್ಮಕ್ಕಳು ಇವರ ನಡುವೆ ಅಜ್ಜನ ಉಳಿದ ವರ್ಷಗಳು ಕಳೆದವು. ಕಾಯಕವು ಆಗಲೂ ನಿಲ್ಲಲಿಲ್ಲ. 1912ರಲ್ಲಿ, ಎಂಬತ್ತೆರಡನೆಯ ವಯಸ್ಸಿನಲ್ಲಿ, ಅಮೇರಿಕನ್ ವೈದ್ಯ ಸಂಘದ ಅಧ್ಯಕ್ಷಪದವಿಯು ಅವರಿಗೆ ದೊರೆಯಿತು. ಆತ್ಮಚರಿತ್ರೆಯನ್ನು ಬರೆಯಲೆಂದು ಕಾಗದಪತ್ರಗಳನ್ನು ಬಹುಕಾಲದಿಂದ ಕೂಡಿಸುತ್ತ ಬಂದಿದ್ದರು. 1918ರಲ್ಲಿ ಬೋಲ್ಟನ್ನಿನ ಮನೆಗೆ ಬೆಂಕಿ ಬಿದ್ದಿತು. ಎಂಬತ್ತೆಂಟು ವರ್ಷದ ವೃದ್ಧರು ಪ್ರಾಣಸಹಿತ ಹೊರಬಂದರು, ಕಾಗದಗಳೆಲ್ಲ ಸುಟ್ಟುಹೋದವು. ಮರುವರ್ಷ ಜುಲೈ 10ರಂದು ಅದೇ ಊರಿನಲ್ಲಿ ಅವರು ದೇಹವನ್ನು ಬಿಟ್ಟರು. 1955ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್ ಭಾಗದಲ್ಲಿ ತೆರೆದ ಸಾರ್ವಜನಿಕ ಆಸ್ಪತ್ರೆಯೊಂದಕ್ಕೆ ಅವರ ಹೆಸರನ್ನಿಡಲಾಯಿತು.