ಮರುಳೆಂಬ ಮಾತು ಮತ್ತು ಶಾಲೆಯ ಮಕ್ಕಳು

ಸೊಲ್ಲಾಪುರ, ಅಕ್ಕಲಕೋಟೆಗಳ ಸೀಮೆಯಲ್ಲಿ ‘ಹುಚ್ಚು’ ಎಂಬ ಮಾತು ಇಂದಿಗೂ ಮನೆತನಕ್ಕೆ ಕಳಂಕವೆಂದೇ ಅನೇಕರ ಭಾವನೆ. ಮಗನ ಬುದ್ಧಿ ಕದಡಿದರೆ ತಾಯಿತಂದೆಗಳು ಮೊದಲು ಅದನ್ನು ಮುಚ್ಚಿಡುವರು. ಬಳಿಕ ಹರಕೆ, ತಾಯತಗಳ ಮೊರೆಹೋಗುವರು. ವೈದ್ಯರ ನೆನಪಾಗುವುದು ಕಟ್ಟಕಡೆಗೆ. ಈ ವಿಳಂಬವೇ ದೊಡ್ಡ ಹಾನಿ. ಈ ಭಯದ ಹಿಂದೆ ಒಂದು ಇತಿಹಾಸವುಂಟು.

ಸೊಲ್ಲಾಪುರವೂ ಧಾರವಾಡವೂ ಮುಂಬಯಿ ಇಲಾಖೆಯಲ್ಲಿದ್ದ ಕಾಲದಲ್ಲಿ, 1845ರಲ್ಲಿ, ಧಾರವಾಡದಲ್ಲಿ ಹುಚ್ಚಾಸ್ಪತ್ರೆಯೊಂದು ಸ್ಥಾಪಿತವಾಯಿತು. ಆಗಿನ ಇಂಥ ಆಸ್ಪತ್ರೆಗಳಲ್ಲಿ ಚಿಕಿತ್ಸೆಗಿಂತ ಬಂಧನವೇ ಮಿಗಿಲಾಗಿತ್ತು. ಬೆಂಗಳೂರಿನ ಹುಚ್ಚಾಸ್ಪತ್ರೆ 1925ರಲ್ಲಿ ‘ಮಾನಸಿಕ ಆಸ್ಪತ್ರೆ’ ಎನಿಸಿತು. ಅಲ್ಲಿಯೇ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಹುಟ್ಟಿತು. ಇವೆರಡೂ ಕೂಡಿ 1974ರಲ್ಲಿ ನಿಮ್ಹಾನ್ಸ್ ಆಯಿತು. ಹೆಸರಿನೊಡನೆ ದೃಷ್ಟಿಯೂ ಬದಲಾಯಿತು.

ಜರ್ಮನಿಯ ಕ್ರೇಪೆಲಿನ್ ಹತ್ತೊಂಬತ್ತನೆಯ ಶತಮಾನದ ಕೊನೆಗೆ ಈ ಬೇನೆಯ ಒಂದು ಬಗೆಯನ್ನು ‘ಅಕಾಲದ ಬುದ್ಧಿಕ್ಷಯ’ವೆಂದು ಕರೆದನು. ಅದು ಎಳೆಹರೆಯದಲ್ಲಿ ತೊಡಗುವುದೆಂದು ಅವನು ಕಂಡದ್ದು ನಿಜ. ಕ್ಷಯವೇ ಅದರ ಗತಿಯೆಂಬ ನಂಬಿಕೆ ಮಾತ್ರ ನಿಲ್ಲಲಿಲ್ಲ. 1952ರಲ್ಲಿ ಪ್ಯಾರಿಸ್ಸಿನಲ್ಲಿ ಕ್ಲೋರ್‌ಪ್ರೋಮಝಿನ್ ಔಷಧದ ಗುಣ ತಿಳಿದುಬಂದಿತು. 1990ರ ದಶಕದಲ್ಲಿ ಆಸ್ಟ್ರೇಲಿಯದ ಮೆಲ್ಬೋರ್ನಿನ ವೈದ್ಯರು ಎಳೆಯರಿಗೆ ಮೊದಲ ಹಂತದಲ್ಲಿಯೇ ಆರೈಕೆ ನೀಡುವ ಹೊಸ ಮಾರ್ಗವನ್ನು ತೆರೆದರು.

ಈ ವಿಕಾರಕ್ಕೆ ವೈದ್ಯರು ಸೈಕೋಸಿಸ್ ಎನ್ನುವರು. ಇಲ್ಲದ ಧ್ವನಿ ಕೇಳುವುದು, ಆಧಾರವಿಲ್ಲದ ಸಂಶಯ ಬಲಿಯುವುದು ಇದರ ಲಕ್ಷಣ. ಹದಿಮೂರು ವರುಷದೊಳಗೆ ಇದು ವಿರಳ. ಹದಿವಯಸ್ಸಿನ ಕೊನೆಗೆ ಹೆಚ್ಚು. ಅದಕ್ಕೂ ಮುಂಚೆ ಕೆಲವೊಮ್ಮೆ ಸೂಚನೆಗಳುಂಟು: ಜಾಣ ಹುಡುಗ ಓದಿನಲ್ಲಿ ಹಿಂದೆ ಬೀಳುವನು, ಗೆಳೆಯರನ್ನು ಬಿಟ್ಟು ಒಂಟಿಯಾಗುವನು, ನಿದ್ದೆಗೆಡುವನು, ಎಲ್ಲರೂ ತನ್ನನ್ನೇ ಆಡಿಕೊಳ್ಳುವರೆಂದು ಶಂಕಿಸುವನು. ವಂಶದ ಒಲವು, ಬಾಲ್ಯದ ಕ್ರೂರ ಅನುಭವ, ಗಾಂಜಾ ಸೇವನೆ ಅಪಾಯವನ್ನು ಹೆಚ್ಚಿಸುವವು. ಆದರೆ ಇಂಥ ಸೂಚನೆ ಕಂಡ ಮಕ್ಕಳಲ್ಲಿ ಹೆಚ್ಚಿನವರಿಗೆ ಈ ರೋಗ ಬಾರದು. ಆದುದರಿಂದ ಯಾರಿಗೂ ಹೆಸರಿಡುವುದು ಸಲ್ಲದು.

ಹಾಗಾದರೆ ಶಿಕ್ಷಕರ ಕರ್ತವ್ಯವೇನು? ರೋಗನಿರ್ಣಯ ನಮ್ಮದಲ್ಲ; ಬದಲಾವಣೆಯನ್ನು ಗುರುತಿಸುವುದು ನಮ್ಮದು. ಬೆತ್ತವನ್ನು ಬದಿಗಿಟ್ಟು ಹುಡುಗನ ಮಾತನ್ನು ಕೇಳಬೇಕು. ಮನೆಯವರಿಗೆ ಗುಟ್ಟಾಗಿ, ಗೌರವದಿಂದ ತಿಳಿಸಬೇಕು. ಸರಕಾರಿ ಆಸ್ಪತ್ರೆಯ ಮನೋವೈದ್ಯರ ಕಡೆಗೆ ದಾರಿ ತೋರಬೇಕು. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಹಣವಿಲ್ಲದೆ ಕರೆಮಾಡಬಹುದು. ವಿದ್ಯಾರ್ಥಿಗಳೂ ಒಂದು ಮಾತನ್ನು ನೆನಪಿಡಲಿ: ಮಂಕಾಗಿ ಕುಳಿತ ಸಹಪಾಠಿಯನ್ನು ‘ಮರುಳ’ನೆಂದು ನಕ್ಕರೆ ಅವನು ತನ್ನ ಸಂಕಟವನ್ನು ಇನ್ನಷ್ಟು ಬಚ್ಚಿಡುವನು. ಹತ್ತಿರ ಕುಳಿತು ಮಾತನಾಡಿಸಿದರೆ ಚಿಕಿತ್ಸೆಗೆ ಅದೇ ಮೊದಲ ಹೆಜ್ಜೆಯಾದೀತು.