ಡಾಲ್ಫಿನ್ನಿನ ಅಡಿಯ ಚರಿತ್ರೆ

1982ರಲ್ಲಿ ಬೆಂಗಳೂರಿನ ಸಿಪಾನಿ ಕಂಪನಿ ಹೊರತಂದ ಡಾಲ್ಫಿನ್ ಹುಟ್ಟಿನಿಂದ ಸ್ಪೋರ್ಟ್ಸ್ ಕಾರಲ್ಲ. ಇಂಗ್ಲೆಂಡಿನ ರಿಲಯಂಟ್ ಕಿಟನ್ ಎಂಬ ಪುಟ್ಟ ಕಾರು ಅದರ ಮೂಲ. ಫೈಬರ್ ಮೈ, 848 ಸಿಸಿಯ ಅಲ್ಯೂಮಿನಿಯಂ ಎಂಜಿನ್, ಎರಡೇ ಬಾಗಿಲು. ಹಗುರವಾಗಿದ್ದರಿಂದ ಶೋಲಾವರಂ ರೇಸಿನವರು, ರ‍್ಯಾಲಿಯವರು ಅದನ್ನು ಮೆಚ್ಚಿದರು. 1983ರ ಡಿಸೆಂಬರಿನಲ್ಲಿ ನಾಲ್ಕು ಬಾಗಿಲಿನ ಮಾರುತಿ 800 ಬಂತು. ಸಂಸಾರಸ್ಥರು ಅತ್ತ ಹೊರಳಿದರು. ಈಗ ಡಾಲ್ಫಿನ್ ವಿರಳ, ಅದರ ಬಿಡಿಭಾಗ ಇನ್ನೂ ವಿರಳ.

ಅಂಥದೊಂದನ್ನು ಕೊಳ್ಳುವ ಆಸೆಯಿಂದ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಗ್ಯಾರೇಜುಗಳಲ್ಲಿ ವಿಚಾರಿಸಿದೆ. ಕಾರು ಸಿಗಲಿಲ್ಲ. ಫೈಬರ್ ಕಾರು ಬಿಚ್ಚಿ ಜೋಡಿಸಿದ್ದ ಸಿಂದಗಿಯ ಹಿರಿಯ ಮಿಸ್ತ್ರಿಯೊಬ್ಬರು ಸಿಕ್ಕರು. “ಮ್ಯಾಲಿನ ಬಣ್ಣ ನೋಡಿ ಮರುಳಾಗಬ್ಯಾಡ್ರಿ ಸರ, ಕೆಳಗ ಮಲಗಿ ನೋಡ್ರಿ” ಎಂದರು.

ಫೈಬರಿಗೆ ತುಕ್ಕು ಹಿಡಿಯದು. ಬಿರುಕು ಬಿಟ್ಟರೆ ರೆಸಿನ್ ಹಚ್ಚಿ ಮುಚ್ಚಬಹುದು. ತುಕ್ಕು ತಿನ್ನುವುದು ಅಡಿಯ ಉಕ್ಕಿನ ಚಾಸಿಯನ್ನು. ಎಂಜಿನ್ನಿಗೆ ನಮ್ಮ ಬೇಸಿಗೆಯೇ ಪರೀಕ್ಷೆ: ರೇಡಿಯೇಟರ್ ಕಟ್ಟಿ ವಿಪರೀತ ಕಾದರೆ ಹೆಡ್ ಸೊಟ್ಟಗಾಗಿ ಗ್ಯಾಸ್ಕೆಟ್ ಹೋಗುತ್ತದೆ.

ಕಂಪನಿ, ಮಾಡೆಲ್, ಇಸವಿಗಳನ್ನು ಕಾಗದಗಳಲ್ಲಿ ಹುಡುಕಬಹುದು. ರಿಪೇರಿಯ ಈ ತಿಳಿವಳಿಕೆ ಇರುವುದು ವಯಸ್ಸಾದ ಮಿಸ್ತ್ರಿಗಳ ಕೈಯಲ್ಲಿ. ವಾಹನಗಳ ಚರಿತ್ರೆ ಬರೆಯುವವರು ಮೊದಲು ಅವರನ್ನು ಕೇಳಬೇಕು.