ಮುಳ್ಳುಬದನೆಯ ಕುಲಗೋತ್ರ

ಉಡುಪಿಯ ಸಮೀಪದ ಮಟ್ಟುವಿನಲ್ಲಿ ವಾದಿರಾಜರ ಪ್ರಸಾದವೆಂಬ ಭಕ್ತಿಯಿಂದ ಬೆಳೆದುಬಂದಿರುವ ಬದನೆಗೂ, ಪಾಳುಭೂಮಿಯಲ್ಲಿ ನೆಲಕ್ಕಂಟಿ ಹಬ್ಬುವ ಕಂಟಕಾರಿಗೂ ನಮ್ಮ ಜನರು ಗುಳ್ಳವೆಂಬ ಒಂದೇ ಪದವನ್ನು ಸಲ್ಲಿಸಿ, ಎರಡನೆಯದನ್ನು ನೆಲಗುಳ್ಳವೆಂದು ಕರೆದುದು ಆಕಸ್ಮಿಕವಲ್ಲವೆಂದು ನನ್ನ ಭಾವನೆ. ಹೂವನ್ನೂ ಕಾಯನ್ನೂ ನಿತ್ಯ ಕಂಡ ಕಣ್ಣುಗಳು ಅವುಗಳ ದಾಯಾದಿತನವನ್ನು ಗುರುತಿಸಿದ್ದಿರಬೇಕು. ಆಯುರ್ವೇದವೂ ದಶಮೂಲಗಳಲ್ಲಿ ಬೃಹತಿಯೆಂಬ ಇನ್ನೊಂದು ಮುಳ್ಳುಬದನೆಯನ್ನೂ ಕಂಟಕಾರಿಯನ್ನೂ ಒಟ್ಟಿಗೇ ಇರಿಸಿದೆ.

ಸಸ್ಯಶಾಸ್ತ್ರದ ದಾರಿ ಇಷ್ಟು ಸುಗಮವಾಗಿರಲಿಲ್ಲ. ಲಿನೇಯಸನು 1753ರಲ್ಲಿ ಬದನೆಯನ್ನು ಸೊಲೇನಮ್ ಮೆಲಾಂಜೀನವೆಂದೂ, ಬೂದುರೋಮದ ಅದರ ಬಂಧುವನ್ನು ಇಂಕಾನಮ್ ಎಂದೂ ಕರೆದು, 1767ರಲ್ಲಿ ಮತ್ತೊಂದು ಮುಳ್ಳುಗಿಡಕ್ಕೆ, ಬದನೆ ತಿಂದರೆ ಬುದ್ಧಿಭ್ರಮಣೆಯಾಗುವುದೆಂಬ ಐರೋಪ್ಯರ ಹಳೆಯ ಭಯವನ್ನೇ ಧ್ವನಿಸುವ ಇನ್ಸಾನಮ್ ಎಂಬ ಹೆಸರನ್ನಿಟ್ಟನು. ಆದರೆ ಒಣಗಿಸಿ ಕಾಗದಕ್ಕೊತ್ತಿದ ಮಾದರಿಯಲ್ಲಿ ಕಾಯಿಯ ಹಸುರು ಗೆರೆಗಳೂ ಗಿಡದ ನಿಲುವೂ ಅಳಿದುಹೋಗುವುದರಿಂದ, ಮುಂದಿನವರು ಆಫ್ರಿಕಾ, ಅರೇಬಿಯಾ, ಭಾರತಗಳ ಬಗೆಬಗೆಯ ಮುಳ್ಳುಬದನೆಗಳಿಗೆಲ್ಲ ಇಂಕಾನಮ್ ಎಂಬ ಒಂದೇ ಹೆಸರನ್ನು ಹಚ್ಚಿದರು. ಲೆಸ್ಟರ್ ಮತ್ತು ಹಸನ್ ಎಂಬ ವಿದ್ವಾಂಸರು 1991ರಲ್ಲಿ ಈ ಸಮುದಾಯವನ್ನು ಎ ಯಿಂದ ಎಚ್ ವರೆಗಿನ ಎಂಟು ಗುಂಪುಗಳಾಗಿ ವಿಂಗಡಿಸಿದರು; 2013ರಲ್ಲಿ ಸ್ಯಾಂಡ್ರಾ ನ್ಯಾಪ್ ಮತ್ತು ಅವರ ಸಂಗಡಿಗರು ಅಕ್ಷರಗಳ ಸ್ಥಾನದಲ್ಲಿ ಸರಿಯಾದ ನಾಮಗಳನ್ನು ನೆಲೆಗೊಳಿಸಿ, ಇಂಕಾನಮ್ ಆಫ್ರಿಕಾದ ಈಶಾನ್ಯದಿಂದ ನಮ್ಮ ಉಪಖಂಡದ ವಾಯವ್ಯದಂಚಿನವರೆಗಿನ ಶುಷ್ಕಪ್ರದೇಶದ್ದೆಂದೂ, ನಮ್ಮ ಬದನೆಯ ವನ್ಯಪೂರ್ವಜ ಇನ್ಸಾನಮ್ ಎಂದೂ ಸ್ಪಷ್ಟಪಡಿಸಿದರು. ಹುಚ್ಚಿನ ಅಪವಾದವನ್ನು ಹೊತ್ತ ಗಿಡವೇ ನಮ್ಮ ಅಡುಗೆಮನೆಯ ಮೂಲಪುರುಷನಾದುದು ನನಗೆ ಇಂದಿಗೂ ವಿಸ್ಮಯದ ವಿಷಯ.

ಜೀವಂತ ಗಿಡದ ಮುಂದೆ ನಿಂತರೆ ಕೆಲವನ್ನು ಬೇರ್ಪಡಿಸುವುದು ಕಷ್ಟವಲ್ಲ. ನೆಲಗುಳ್ಳದ ಮುಳ್ಳು ನೇರವಾದುದು, ಹಳದಿಯದು. ನೆಟ್ಟಗೆ ನಿಲ್ಲುವ ಬೃಹತಿಯ ಮುಳ್ಳು ಕೊಕ್ಕೆಯಂತೆ ಬಾಗಿದುದು, ಹಣ್ಣು ಕಿತ್ತಳೆವರ್ಣದ ಪುಟ್ಟ ಗೋಲಿ. ಆಳೆತ್ತರಕ್ಕೆ ಬೆಳೆದು ಬಿಳಿಹೂವಿನ ಗೊಂಚಲುಗಳನ್ನು ತಳೆವ ಸುಂಡೆಯು ಅಮೆರಿಕಾ ಖಂಡದಿಂದ ಬಂದುದಾದುದರಿಂದ, ಅದನ್ನು ಪ್ರಾಚೀನರ ಬೃಹತಿಯೆಂದೆಣಿಸಲಾಗದು.

ನಿಜವಾದ ತೊಡಕಿರುವುದು ಇನ್ಸಾನಮ್ ಮತ್ತು ಹಿತ್ತಿಲಿನಿಂದ ತಪ್ಪಿಸಿಕೊಂಡು ಕಾಡುಪಾಲಾದ ಬದನೆಗಳ ನಡುವೆ. ಮೊದಲನೆಯದರ ಕಾಯಿ ನೆಲ್ಲಿಯ ಗಾತ್ರದ್ದು, ಹಸುರುಬಿಳುಪಿನ ಚಿತ್ತಾರದ್ದು, ಮಾಗಿದಾಗ ಹಳದಿ, ರುಚಿಯಲ್ಲಿ ಕಹಿ. ಅದರ ತೊಟ್ಟಿನ ಪುಷ್ಪಪಾತ್ರೆಯೂ ಮುಳ್ಳುಮಯ. ಆದರೆ ಬದನೆಯೊಡನೆ ಅದು ಸುಲಭವಾಗಿ ಕೂಡುವುದು, ಹುಟ್ಟಿದ ಸಂತಾನವೂ ಫಲವಂತವಾಗಿರುವುದು; ಬೇಲಿಯಂಚಿನಲ್ಲಿ ಅಂತಹ ಗಿಡವೊಂದು ಕಂಡಾಗ ಅದರ ಕಾಯಿ ಹಣ್ಣಾಗುವವರೆಗೂ ಹೆಸರು ಹೇಳಲು ನಾನು ಅವಸರಪಡಲಾರೆ.